ಗಂಟು ಇದ್ದಲ್ಲೇ ಮನಸ್ಸು: ವಿಶ್ವಾಸಿಯ ಹೃದಯದಲ್ಲಿ ಮೊದಲ ಜಾಗ ಯಾವುದಕ್ಕೆ?

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕಾಲಿಗೆ ಜೋಡೂ ಬೇಡ ಅಂತ ಹೇಳಿ ಕಳಿಸಿದ್ದು. ಹೋದವರು ಖುಷಿಯಿಂದ ಉಬ್ಬಿ ವಾಪಸ್ ಬಂದರು. "ಕರ್ತನೇ, ನಿನ್ನ ಹೆಸರು ಹೇಳಿದರೆ ದೆವ್ವಗಳೂ ನಮ್ಮ ಮಾತು ಕೇಳುತ್ತವೆ" ಅಂದರು. ಬಡಾಯಿ ಏನಲ್ಲ, ನಿಜವಾಗಿ ನಡೆದದ್ದೇ. ಯೇಸು ಅದನ್ನು ಅಲ್ಲಗಳೆಯಲೂ ಇಲ್ಲ. ಆ ಅಧಿಕಾರ ಕೊಟ್ಟಿದ್ದು ನಾನೇ ಅಂದರು. ಆಮೇಲೆ ಒಂದು ಮಾತು ಸೇರಿಸಿದರು: ದೆವ್ವಗಳು ನಿಮಗೆ ಅಧೀನವಾದವು ಅಂತ ಸಂತೋಷಪಡಬೇಡಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆ ಅಂತ ಸಂತೋಷಪಡಿ.

ಸುಸ್ತಾಗಿ ಬಂದವರಿಗೆ ತಣ್ಣೀರೆರಚಿದ ಹಾಗಾಯಿತು ಅಲ್ವಾ? ಆದರೆ ಸ್ವಲ್ಪ ಹಿಂದಿನ ಪುಟ ತಿರುಗಿಸಿ ನೋಡಿ. 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ದೆವ್ವ ಹಿಡಿದ ತನ್ನ ಒಬ್ಬನೇ ಮಗನನ್ನು ಕರೆತಂದಿದ್ದ. ಶಿಷ್ಯರ ಕೈಲಿ ಏನೂ ಆಗಿರಲಿಲ್ಲ. ಸೇವೆ ಗೆದ್ದರೆ ಏರುವ, ಸೋತರೆ ಕುಸಿಯುವ ಸಂತೋಷದ ಮೇಲೆ ಬದುಕು ನಿಲ್ಲಿಸಿದರೆ ಏನಾಗುತ್ತದೆ ಅಂತ ಯೇಸುವಿಗೆ ಗೊತ್ತಿತ್ತು.

ಈ ಪ್ರಸಂಗದಿಂದಲೇ ಶುರುಮಾಡಿದ್ದಕ್ಕೆ ಕಾರಣ ಇದೆ. "ನನ್ನ ಹೃದಯಕ್ಕೆ ಎಲ್ಲಕ್ಕಿಂತ ಪ್ರಿಯವಾದದ್ದು ಯಾವುದು?" ಅಂತ ವಿಶ್ವಾಸಿಗಳು ತಮ್ಮನ್ನೇ ಕೇಳಿಕೊಳ್ಳುವಾಗ ಸಾಮಾನ್ಯವಾಗಿ ಕೆಟ್ಟ ಸಂಗತಿಗಳನ್ನೇ ಹುಡುಕುತ್ತಾರೆ. ಹಣದ ಆಸೆ, ಮೋಜು, ಚಟ. ಅವು ಸಿಗದಿದ್ದರೆ ಸಮಾಧಾನ. ನನಗನಿಸುವ ಮಟ್ಟಿಗೆ, ಹುಡುಕಾಟ ದಾರಿ ತಪ್ಪುವುದೇ ಇಲ್ಲಿ. ದೇವರ ಜಾಗಕ್ಕೆ ಬಂದು ಕೂರುವುದು ಬಹಳ ಸಲ ಒಳ್ಳೆಯ ಸಂಗತಿ. ಕೆಲವೊಮ್ಮೆ ದೇವರೇ ಕೊಟ್ಟದ್ದು.

ಗಂಟಿನ ಮಾತು ಎಲ್ಲಿ ಬರುತ್ತದೆ?

"ನಿನ್ನ ಗಂಟು ಇದ್ದಲ್ಲೇ ನಿನ್ನ ಮನಸ್ಸೂ ಇರುವುದು" ಅನ್ನುವ ಮಾತು ಮತ್ತಾಯ 6ನೇ ಅಧ್ಯಾಯದ 21ನೇ ವಚನ. ಗಂಟು ಅಂದರೆ ಕೂಡಿಟ್ಟ ಸಂಪತ್ತು. ಕಾಣಿಕೆಯ ಬಗ್ಗೆ ಪ್ರಸಂಗ ಮಾಡುವಾಗ ಇದನ್ನು ಜಾಸ್ತಿ ಎತ್ತಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಇದರ ಹಿಂದೆ ಮುಂದೆ ಏನಿದೆ ಅಂತ ಓದಿದರೆ ವಿಷಯ ಹಣಕ್ಕಿಂತ ದೊಡ್ಡದು ಅಂತ ತಿಳಿಯುತ್ತದೆ.

ಆ ಅಧ್ಯಾಯದ ಮೊದಲ ಹದಿನೆಂಟು ವಚನಗಳಲ್ಲಿ ಯೇಸು ಮೂರು ವಿಷಯ ಹೇಳುತ್ತಾರೆ: ದಾನ, ಪ್ರಾರ್ಥನೆ, ಉಪವಾಸ. ಮೂರೂ ಭಕ್ತಿಯ ಕೆಲಸಗಳೇ. ಆದರೆ ಕೆಲವರು ಬೀದಿಯಲ್ಲಿ ತುತ್ತೂರಿ ಊದಿಸಿ ದಾನ ಮಾಡುತ್ತಾರೆ, ಜನ ಓಡಾಡುವ ಮೂಲೆಯಲ್ಲಿ ನಿಂತು ಪ್ರಾರ್ಥಿಸುತ್ತಾರೆ, ಉಪವಾಸ ಅಂತ ಗೊತ್ತಾಗಲಿ ಎಂದು ಮುಖ ಬಾಡಿಸಿಕೊಳ್ಳುತ್ತಾರೆ. ಅವರ ಬಗ್ಗೆ ಯೇಸು ಮೂರು ಸಲವೂ ಒಂದೇ ಮಾತು ಹೇಳುತ್ತಾರೆ: ಅವರಿಗೆ ಬರಬೇಕಾದ ಫಲ ಬಂದಾಯಿತು. ಇದು ತುಂಬಾ ಕಟುವಾದ ಮಾತು. ಅವರು ಬಯಸಿದ್ದು ಜನರ ಮೆಚ್ಚುಗೆ, ಅದು ಸಿಕ್ಕಿತು, ಲೆಕ್ಕ ಚುಕ್ತಾ. ಪ್ರಾರ್ಥನೆ ದೇವರ ಕಡೆಗಿತ್ತು, ಗಂಟು ಮಾತ್ರ ಜನರ ಕಣ್ಣಲ್ಲಿತ್ತು. ಇಷ್ಟೆಲ್ಲ ಹೇಳಿದ ಮೇಲೆಯೇ ಭೂಮಿಯ ಗಂಟು, ಪರಲೋಕದ ಗಂಟು ಅನ್ನುವ ಮಾತು ಬರುವುದು.

ಇಂದು ತುತ್ತೂರಿ ಊದುವವರು ಕಡಿಮೆ. ದೇವರು ತನಗೆ ಮಾಡಿದ್ದನ್ನು ಹೇಳುವ ಸಾಕ್ಷಿಯ ವಿಡಿಯೋ ಹಾಕಿ, ಪ್ರತಿ ಹತ್ತು ನಿಮಿಷಕ್ಕೆ ಫೋನ್ ತೆಗೆದು ಎಷ್ಟು ಜನ ನೋಡಿದರು, ಯಾರು ಲೈಕ್ ಕೊಟ್ಟರು, ಯಾರು ನೋಡಿಯೂ ಸುಮ್ಮನಿದ್ದಾರೆ ಅಂತ ಎಣಿಸುವವರು ಜಾಸ್ತಿ. ಸಾಕ್ಷಿ ಸುಳ್ಳಲ್ಲ. ಅದನ್ನು ಹಾಕಿದ್ದೂ ತಪ್ಪಲ್ಲ. ಎಣಿಸುವ ಆ ಬೆರಳು ಮಾತ್ರ ಏನೋ ಹೇಳುತ್ತಿದೆ.

ಇನ್ನು ನುಸಿ, ಕಿಲುಬು, ಕಳ್ಳ. ಆ ಕಾಲದ ಸಂಪತ್ತು ಅಂದರೆ ಬೆಲೆಬಾಳುವ ಬಟ್ಟೆ, ಲೋಹ, ಕೂಡಿಟ್ಟ ಧಾನ್ಯ. ಬಟ್ಟೆಗೆ ನುಸಿ ಹಿಡಿಯುತ್ತದೆ, ಲೋಹಕ್ಕೆ ಕಿಲುಬು ಹತ್ತುತ್ತದೆ. ಸಾಮಾನ್ಯ ಮನೆಯ ಗೋಡೆ ಮಣ್ಣಿನದು, ಕಳ್ಳರು ಬಾಗಿಲು ಮುರಿಯುವ ಗೋಜಿಗೆ ಹೋಗದೆ ಗೋಡೆಗೇ ಕನ್ನ ಕೊರೆಯುತ್ತಿದ್ದರು. ಈ ವಸ್ತುಗಳು ಕೆಟ್ಟವು ಅಂತ ಯೇಸು ಹೇಳಲಿಲ್ಲ. ಇವು ನಿಲ್ಲುವುದಿಲ್ಲ ಅಂದರು. ನಿಲ್ಲದ ವಸ್ತುವಿಗೆ ಹೃದಯ ಕಟ್ಟಿದರೆ ವಸ್ತು ಹೋಗುವಾಗ ಹೃದಯವನ್ನೂ ಎಳೆದುಕೊಂಡು ಹೋಗುತ್ತದೆ.

ಆ ವಚನದ ಮುಂದೆ ಬರುವುದು "ಇಬ್ಬರು ಯಜಮಾನರಿಗೆ ಸೇವೆ ಮಾಡಲಾರಿರಿ" ಅನ್ನುವ ಮಾತು. ಅದಾದ ಕೂಡಲೇ "ಆದಕಾರಣ ಚಿಂತೆ ಮಾಡಬೇಡಿ." ಚಿಂತೆಯ ಬೋಧನೆಯನ್ನು ನಾವು ಬೇರೆ ಪಾಠ ಅಂತ ಓದುತ್ತೇವೆ. ಯೇಸು ಅದನ್ನು ಗಂಟಿನ ಮಾತಿಗೇ ಜೋಡಿಸಿದ್ದಾರೆ. ರಾತ್ರಿ ನಿದ್ದೆ ಕೆಡಿಸುವುದು ಯಾವುದೋ, ಗಂಟು ಅದರ ಹತ್ತಿರದಲ್ಲೇ ಎಲ್ಲೋ ಇರುತ್ತದೆ.

ತಾಮ್ರದ ಸರ್ಪದ ಕಥೆ

ಒಳ್ಳೆಯದು ಹೇಗೆ ಕೆಡುತ್ತದೆ ಅನ್ನುವುದಕ್ಕೆ ಸತ್ಯವೇದದಲ್ಲಿ ನನಗೆ ತುಂಬಾ ನಾಟಿದ ಉದಾಹರಣೆ ಅರಣ್ಯಕಾಂಡದ 21ನೇ ಅಧ್ಯಾಯದಲ್ಲಿ ಶುರುವಾಗಿ ಅರಸುಗಳ ಎರಡನೆಯ ಪುಸ್ತಕದಲ್ಲಿ ಮುಗಿಯುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರನ್ನು ವಿಷಸರ್ಪಗಳು ಕಚ್ಚಿ ಜನ ಸಾಯುತ್ತಿದ್ದರು. ದೇವರ ಅಪ್ಪಣೆಯಂತೆ ಮೋಶೆ ಒಂದು ತಾಮ್ರದ ಸರ್ಪ ಮಾಡಿಸಿ ಕಂಬದ ಮೇಲೆ ಎತ್ತಿ ನಿಲ್ಲಿಸಿದ. ಅದನ್ನು ನೋಡಿದವರು ಬದುಕಿಕೊಂಡರು. ಮಾಡಿಸಿದ್ದು ದೇವರು, ಬದುಕಿಸಿದ್ದೂ ದೇವರು. ಯೇಸು ಕೂಡ ತಮ್ಮ ಶಿಲುಬೆಯ ಮರಣಕ್ಕೆ ಇದೇ ಸರ್ಪವನ್ನು ಹೋಲಿಸಿದ್ದಾರೆ. ಇದಕ್ಕಿಂತ ಪವಿತ್ರವಾದ ನೆನಪಿನ ವಸ್ತು ಇನ್ಯಾವುದು?

ನೂರಾರು ವರ್ಷ ಕಳೆದವು. ಯೆಹೂದದ ಅರಸ ಹಿಜ್ಕೀಯ ಪಟ್ಟಕ್ಕೆ ಬಂದಾಗ ಆ ಸರ್ಪ ಇನ್ನೂ ಇತ್ತು. ಜನ ಅದಕ್ಕೆ ಧೂಪ ಹಾಕುತ್ತಿದ್ದರು. ನೆಹುಷ್ಟಾನ್ ಅನ್ನುವ ಹೆಸರೂ ಇತ್ತು. ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ. ಮೋಶೆ ಮಾಡಿಸಿದ ವಸ್ತುವಿಗೆ ಕೈಹಾಕಲು ಎಷ್ಟು ಗುಂಡಿಗೆ ಬೇಕಾಗಿತ್ತೋ!

ಇಲ್ಲಿ ಯಾರೂ ಒಂದೇ ದಿನದಲ್ಲಿ ದೇವರನ್ನು ಬಿಟ್ಟು ಸರ್ಪ ಹಿಡಿದಿರಲಿಕ್ಕಿಲ್ಲ. ಒಂದು ಕಾಲದಲ್ಲಿ ದೇವರು ಮಾಡಿದ ಉಪಕಾರದ ನೆನಪು ಮೆಲ್ಲಗೆ ದೇವರಿಗಿಂತ ಹತ್ತಿರವಾಯಿತು, ಅಷ್ಟೇ. ನಮ್ಮಲ್ಲಿ ಅದು ಸಭೆಯ ಒಂದು ಪದ್ಧತಿ ಇರಬಹುದು. ಹತ್ತಾರು ವರ್ಷ ನಡೆಸಿಕೊಂಡು ಬಂದ ಸೇವೆ ಇರಬಹುದು. ರಕ್ಷಣೆ ಸಿಕ್ಕಿದ ಕಾಲದ ಒಂದು ಅನುಭವವೂ ಇರಬಹುದು. ಮಗು ಬೇಕು ಅಂತ ವರ್ಷಗಟ್ಟಲೆ ಪ್ರಾರ್ಥಿಸಿ ಪಡೆದ ಮಗುವೇ ಇರಬಹುದು.

ಇಸ್ರಾಯೇಲ್ಯರು ಪೂಜೆಗೆ ಮಾಡಿಸಿಕೊಂಡ ಚಿನ್ನದ ಕರುವಿನ ಕಥೆಯಲ್ಲೂ ಇಂಥದ್ದೊಂದು ಸಂಗತಿ ಇದೆ, ಓದುವಾಗ ಕಣ್ಣು ತಪ್ಪಿಸಿಕೊಳ್ಳುತ್ತದೆ. ಜನರ ಕಿವಿಯ ಮುರುವುಗಳನ್ನು ಕರಗಿಸಿ ಕರು ಮಾಡಿದ ಮೇಲೆ ಮೋಶೆಯ ಅಣ್ಣ ಆರೋನ ಸಾರಿಸಿದ್ದು "ನಾಳೆ ಯೆಹೋವನಿಗೆ ಉತ್ಸವ" ಅಂತ. ದೇವರ ಹೆಸರು ಹಾಗೇ ಉಳಿದಿತ್ತು. ಬದಲಾಗಿದ್ದು ಎದುರಿಗಿದ್ದ ವಸ್ತು.

ಸಭೆಯ ಇತಿಹಾಸದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದವರಲ್ಲಿ ಮೊದಲು ನೆನಪಾಗುವುದು ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ (354–430). ಅವರ ಪ್ರಕಾರ ನಮ್ಮ ತೊಂದರೆ ಪ್ರೀತಿಯ ಕೊರತೆ ಅನ್ನುವುದಕ್ಕಿಂತ ಪ್ರೀತಿಯ ಕ್ರಮ ತಪ್ಪಿರುವುದು. ಮೊದಲು ಪ್ರೀತಿಸಬೇಕಾದದ್ದನ್ನು ಆಮೇಲೆ, ಆಮೇಲಿನದ್ದನ್ನು ಮೊದಲು. ಜಿಪುಣ ನ್ಯಾಯಕ್ಕಿಂತ ಚಿನ್ನವನ್ನು ಹೆಚ್ಚು ಪ್ರೀತಿಸಿದರೆ ತಪ್ಪು ಚಿನ್ನದ್ದಲ್ಲ, ಮನುಷ್ಯನದು ಅಂತ ಅವರು ಬರೆದರು. ಈ ತಿಳುವಳಿಕೆ ಇಲ್ಲದಿದ್ದರೆ ಒಂದು ಅಪಾಯ ಇದೆ. ಹೆಂಡತಿ, ಮಕ್ಕಳು, ಕೆಲಸ, ಸಂಗೀತ ಎಲ್ಲವನ್ನೂ ಕಡಿಮೆ ಪ್ರೀತಿಸುವುದೇ ಭಕ್ತಿ ಅಂದುಕೊಳ್ಳುತ್ತೇವೆ. ಪೌಲ ತಿಮೊಥೆಯನಿಗೆ ಬರೆಯುವಾಗ ಐಶ್ವರ್ಯದ ಮೇಲೆ ನಿರೀಕ್ಷೆ ಇಡಬೇಡಿ ಅಂತ ಹೇಳಿ, ಅದೇ ಉಸಿರಲ್ಲಿ ದೇವರು ನಮ್ಮ ಸಂತೋಷಕ್ಕಾಗಿ ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾನೆ ಅಂತಲೂ ಹೇಳುತ್ತಾನೆ.

ಮಾರ್ಟಿನ್ ಲೂಥರ್ 1529ರಲ್ಲಿ ಹತ್ತು ಆಜ್ಞೆಗಳನ್ನು ವಿವರಿಸುವಾಗ ಮೊದಲನೆಯದಕ್ಕೆ ಕೊಟ್ಟ ಅರ್ಥ ಇನ್ನೂ ನೇರ. ನಿನ್ನ ಹೃದಯ ಯಾವುದಕ್ಕೆ ಅಂಟಿಕೊಂಡು ಭರವಸೆ ಇಡುತ್ತದೋ ಅದೇ ನಿಜವಾಗಿ ನಿನ್ನ ದೇವರು ಅಂದರು. ಹಾಗಾದರೆ ದೇವರಿಲ್ಲದ ಮನುಷ್ಯನೇ ಇಲ್ಲ ಅಂತಾಯಿತು.

ಬಾಯಿ ಹೇಳುವುದು ಒಂದು

ಸರಿ, ಹೃದಯ ಯಾವುದಕ್ಕೆ ಅಂಟಿಕೊಂಡಿದೆ ಅಂತ ಕಂಡುಹಿಡಿಯುವುದು ಹೇಗೆ? ನೇರವಾಗಿ ಕೇಳಿದರೆ ಪ್ರಯೋಜನವಿಲ್ಲ. "ನಿನಗೆ ಎಲ್ಲಕ್ಕಿಂತ ಮುಖ್ಯ ಯಾರು?" ಅಂದರೆ ಸಂಡೇ ಸ್ಕೂಲ್ ಮಗುವೂ "ಯೇಸು" ಅಂತ ಹೇಳುತ್ತದೆ. ನಾವೂ ಹಾಗೇ ಹೇಳುತ್ತೇವೆ, ಸುಳ್ಳು ಹೇಳುತ್ತಿದ್ದೇವೆ ಅಂತ ನಮಗೆ ಅನಿಸುವುದೂ ಇಲ್ಲ. ಸತ್ಯವೇದ ಜನರ ಹೃದಯವನ್ನು ತೋರಿಸುವಾಗ ಅವರ ಉತ್ತರಕ್ಕಿಂತ ಅವರ ಸಂತೋಷ, ಸಿಟ್ಟು, ಹೊಟ್ಟೆಕಿಚ್ಚು, ದುಃಖಗಳನ್ನೇ ಹೆಚ್ಚು ತೋರಿಸುತ್ತದೆ.

ಪ್ರವಾದಿ ಯೋನನನ್ನು ತೆಗೆದುಕೊಳ್ಳಿ. ದೇವರು ಕೃಪಾಳು, ದೀರ್ಘಶಾಂತ, ಮಹಾ ಪ್ರೀತಿಯುಳ್ಳವನು ಅಂತ ಅವನಿಗೆ ಬಾಯಿಪಾಠ ಗೊತ್ತಿತ್ತು. ನಾಲ್ಕನೇ ಅಧ್ಯಾಯದಲ್ಲಿ ಅದನ್ನೇ ದೂರಾಗಿ ಹೇಳುತ್ತಾನೆ! ನಿನೆವೆ ಪಟ್ಟಣದ ಹೊರಗೆ ಬಿಸಿಲಲ್ಲಿ ಕೂತಿದ್ದವನ ತಲೆಯ ಮೇಲೆ ದೇವರು ಒಂದು ಸೋರೆಗಿಡ ಬೆಳೆಸಿದರು. ಯೋನನಿಗೆ ಆ ಗಿಡದಿಂದ ಬಹಳ ಸಂತೋಷವಾಯಿತು. ಇಡೀ ಪುಸ್ತಕದಲ್ಲಿ ಅವನು ಸಂತೋಷಪಟ್ಟ ಅಂತ ಹೇಳಿರುವುದು ಇಲ್ಲಿ ಮಾತ್ರ. ಮೀನಿನ ಹೊಟ್ಟೆಯಿಂದ ಹೊರಬಂದಾಗಲೂ ಆ ಮಾತಿಲ್ಲ, ಇಡೀ ನಿನೆವೆ ಪಶ್ಚಾತ್ತಾಪಪಟ್ಟಾಗಲಂತೂ ಇಲ್ಲವೇ ಇಲ್ಲ. ಮರುದಿನ ಹುಳು ಕಡಿದು ಗಿಡ ಒಣಗಿತು. ಯೋನ ಸಾಯುವಷ್ಟು ಸಿಟ್ಟಾದ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿರುವ ಊರು ಉಳಿದರೆ ಬೇಸರ, ಒಂದು ನೆರಳು ಹೋದರೆ ಸಾವು ಬೇಕು. ಅವನ ದೇವಜ್ಞಾನದಲ್ಲಿ ಒಂದಕ್ಷರ ತಪ್ಪಿರಲಿಲ್ಲ ಅನ್ನುವುದನ್ನು ಮರೆಯಬೇಡಿ.

ಲೂಕ 15ರ ಹಿರಿಯ ಮಗ ಇನ್ನೊಬ್ಬ. ಮನೆ ಬಿಟ್ಟು ಹೋಗದವನು, ಅಪ್ಪನ ಮಾತು ಮೀರದವನು. ತಮ್ಮ ವಾಪಸ್ ಬಂದ ದಿನ ಅವನ ಬಾಯಿಂದ ಏನು ಬಂತು ನೋಡಿ: ನನ್ನ ಸ್ನೇಹಿತರ ಜೊತೆ ಹಬ್ಬ ಮಾಡಲು ನನಗೆ ಒಂದು ಆಡಿನ ಮರಿಯನ್ನೂ ನೀನು ಕೊಡಲಿಲ್ಲ. ಅವನ ಕನಸಿನ ಔತಣದಲ್ಲಿ ಅಪ್ಪನಿಗೆ ಎಲೆ ಹಾಕಿರಲೇ ಇಲ್ಲ. ಕಿರಿಯ ಮಗ ಅಪ್ಪನ ಆಸ್ತಿ ಬೇಕು ಅಂತ ಬಾಯಿಬಿಟ್ಟು ಕೇಳಿ ಹೋದ, ಹಿರಿಯವನು ಅದಕ್ಕಾಗಿ ಮನೆಯಲ್ಲೇ ದುಡಿಯುತ್ತಾ ಕಾದ. ಸಭೆಗಳಲ್ಲಿ ಕಿರಿಯ ಮಗನ ಮೇಲಿನ ಪ್ರಸಂಗ ಹತ್ತು ಕೇಳಿದರೆ ಹಿರಿಯವನ ಮೇಲೆ ಒಂದು ಕೇಳುವುದೂ ಕಷ್ಟ. ಬೆಂಚಿನ ಮೇಲೆ ಕೂತಿರುವವರಲ್ಲಿ ಅವನಂಥವರೇ ಜಾಸ್ತಿ ಇರುವುದು ಇದಕ್ಕೆ ಕಾರಣವೇನೋ.

ಹೊಟ್ಟೆಕಿಚ್ಚು ತೋರಿಸುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಗಂಟನ್ನು ತೋರಿಸುವುದಿಲ್ಲ. ದಾವೀದ ಗೊಲ್ಯಾತನನ್ನು ಕೊಂದದ್ದು ಸೌಲನಿಗೂ ಲಾಭವೇ, ಅವನ ರಾಜ್ಯವೇ ಉಳಿಯಿತು. ಆದರೆ ಹೆಂಗಸರು "ಸೌಲನು ಸಾವಿರಗಟ್ಟಲೆ, ದಾವೀದನು ಹತ್ತು ಸಾವಿರಗಟ್ಟಲೆ" ಅಂತ ಹಾಡಿದ್ದು ಕಿವಿಗೆ ಬಿದ್ದ ಕೂಡಲೇ ಸೌಲನ ಕಣ್ಣು ಬದಲಾಯಿತು. ಇದಕ್ಕೆ ಸರಿ ಎದುರಾಗಿ ಸ್ನಾನಿಕ ಯೋಹಾನ. ಎಲ್ಲರೂ ಯೇಸುವಿನ ಕಡೆ ಹೋಗುತ್ತಿದ್ದಾರೆ ಅಂತ ಶಿಷ್ಯರು ದೂರು ತಂದರೆ, ನನ್ನ ಸಂತೋಷ ಈಗ ಸಂಪೂರ್ಣವಾಯಿತು, ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು ಅಂದ.

ಇದನ್ನು ಒಂದು ಸಾಧಾರಣ ಭಾನುವಾರಕ್ಕೆ ತನ್ನಿ. ವರ್ಷಗಳಿಂದ ಗಾಯನ ತಂಡ ನಡೆಸಿಕೊಂಡು ಬಂದವರು ಒಬ್ಬರಿದ್ದಾರೆ ಅಂದುಕೊಳ್ಳಿ. ಈ ವಾರ ಪಾಸ್ಟರ್ ಒಬ್ಬ ಹೊಸ ಹುಡುಗನ ಕೈಗೆ ಗಿಟಾರ್ ಕೊಟ್ಟಿದ್ದಾರೆ. ಅವನು ಚೆನ್ನಾಗಿಯೇ ಹಾಡುತ್ತಾನೆ. ಸಭೆ ಕೈ ಎತ್ತಿ ಆರಾಧಿಸುತ್ತಿದೆ. ಹಳಬರು ಮೂರನೇ ಸಾಲಲ್ಲಿ ನಿಂತು ಶ್ರುತಿ ಎಲ್ಲಿ ತಪ್ಪಿತು ಅಂತ ಹುಡುಕುತ್ತಿದ್ದಾರೆ. ಮೊದಲಿನ ಅದೇ ಹಾಡು, ಅದೇ ದೇವರು. ಈ ವಾರ ಮಾತ್ರ ಆರಾಧನೆ ಬರುತ್ತಿಲ್ಲ. ಹಿಂದಿನ ವಾರಗಳಲ್ಲಿ ಬರುತ್ತಿದ್ದದ್ದು ಏನು ಅಂತ ಅವರು ತಮ್ಮನ್ನೇ ಕೇಳಿಕೊಂಡರೆ ನೋವಾಗುತ್ತದೆ. ಆದರೆ ಆ ನೋವು ಉಪಕಾರಿ.

ಜೇನು, ಹಾಲು, ಆದರೆ ದೇವರಿಲ್ಲ

ಪ್ರಾರ್ಥನೆಯನ್ನೂ ನೋಡಬೇಕು. ಪ್ರಾರ್ಥನೆಯಲ್ಲಿ ಕೇಳುವುದು ತಪ್ಪಲ್ಲ, ದಿನದ ಆಹಾರ ಕೇಳಿರಿ ಅಂತ ಯೇಸುವೇ ಕಲಿಸಿದ್ದಾರೆ. ಪ್ರಶ್ನೆ ಇರುವುದು ಕೇಳಿದ್ದೆಲ್ಲ ಸಿಕ್ಕಿಬಿಟ್ಟರೆ ಏನು ಅನ್ನುವುದರಲ್ಲಿ.

ವಿಮೋಚನಕಾಂಡ 33ರಲ್ಲಿ ಇಸ್ರಾಯೇಲ್ಯರಿಗೆ ಇಂಥದ್ದೇ ಒಂದು ಪರೀಕ್ಷೆ ಬಂತು. ಕರುವಿನ ಪ್ರಕರಣ ಆದಮೇಲೆ ದೇವರು ಹೇಳಿದರು: ವಾಗ್ದಾನ ಮಾಡಿದ ಕಾನಾನ್ ದೇಶಕ್ಕೆ ಹೋಗಿ. ದೂತನನ್ನು ಮುಂದೆ ಕಳಿಸುತ್ತೇನೆ, ಶತ್ರುಗಳನ್ನು ಓಡಿಸುತ್ತೇನೆ, ಹಾಲೂ ಜೇನೂ ಹರಿಯುವ ದೇಶ ನಿಮ್ಮದೇ. ಆದರೆ ನಾನು ನಿಮ್ಮ ಸಂಗಡ ಬರುವುದಿಲ್ಲ.

ಸ್ವಲ್ಪ ನಿಂತು ಯೋಚಿಸಿ. ಪ್ರಾರ್ಥನಾ ವಿಷಯಗಳ ಪಟ್ಟಿಯಲ್ಲಿ ಇದ್ದದ್ದೆಲ್ಲ ಮಂಜೂರಾಗಿದೆ. ಭದ್ರತೆ, ಜಮೀನು, ಗೆಲುವು, ಮಕ್ಕಳಿಗೆ ಭವಿಷ್ಯ. ದೇವರೊಬ್ಬರೇ ಇಲ್ಲ. ನಮ್ಮಲ್ಲಿ ಎಷ್ಟು ಜನ ಅದನ್ನು ಆಶೀರ್ವಾದ ಅಂತಲೇ ತೆಗೆದುಕೊಂಡು ಸಾಕ್ಷಿ ಹೇಳಿಬಿಡುತ್ತಿದ್ದೆವು? ಇಸ್ರಾಯೇಲ್ಯರು, ಅವರೆಷ್ಟೇ ಹಟಮಾರಿಗಳಾಗಿದ್ದರೂ, ಆ ಮಾತು ಕೇಳಿ ದುಃಖಪಟ್ಟು ಒಡವೆ ತೆಗೆದಿಟ್ಟರು. ಮೋಶೆಯಂತೂ, ನೀನು ಬರದಿದ್ದರೆ ನಮ್ಮನ್ನು ಇಲ್ಲಿಂದ ಕಳಿಸಲೇ ಬೇಡ ಅಂದ. ಇದ್ದದ್ದು ಮರುಭೂಮಿಯಲ್ಲಿ. ನೀನಿರುವ ಮರುಭೂಮಿ ಸಾಕು, ನೀನಿಲ್ಲದ ಕಾನಾನ್ ಬೇಡ ಅಂತ ಅದರ ಅರ್ಥ.

ಯೋಬನ ಪುಸ್ತಕದ ಶುರುವಿನಲ್ಲಿ ಸೈತಾನ ಎತ್ತುವ ಪ್ರಶ್ನೆಯೂ ಇದೇ. ಯೋಬ ದೇವರಿಗೆ ಸುಮ್ನೆ ಭಯಪಡುತ್ತಾನಾ? ಸುತ್ತ ಬೇಲಿ ಹಾಕಿ ಕಾಪಾಡಿದ್ದೀಯಲ್ಲ, ಅದಕ್ಕೇ. ಸೈತಾನನ ಪ್ರಶ್ನೆ ಅಂತ ತಳ್ಳಿಬಿಡುವ ಹಾಗಿಲ್ಲ. ಪ್ರಶ್ನೆ ಮಟ್ಟಿಗೆ ಅದು ಸರಿಯಾದದ್ದೇ.

ಪರೀಕ್ಷೆಯೇ ಕಾಯಿಲೆಯಾದಾಗ

ಇಷ್ಟು ಓದಿದ ಮೇಲೆ ಕೆಲವರು ಒಳಗೊಳಗೇ ಕುಗ್ಗಿರಬಹುದು. ಎರಡು ತಪ್ಪು ತಿಳುವಳಿಕೆಗಳನ್ನು ಇಲ್ಲೇ ಬಿಡಿಸಬೇಕು.

ಮೊದಲನೆಯದು, ಕಳೆದುಕೊಂಡಾಗ ನೋವಾದರೆ ಅದು ವಿಗ್ರಹ, ಅಂದರೆ ದೇವರ ಜಾಗದಲ್ಲಿ ಕೂತದ್ದು, ಅನ್ನುವ ಮಾತು. ಪ್ರೀತಿಸಿದವರು ಸತ್ತಾಗ ಅಳುವವರಿಗೆ "ನೀನು ಅವರನ್ನು ದೇವರಿಗಿಂತ ಹೆಚ್ಚು ಪ್ರೀತಿಸಿದೆ" ಅಂತ ಬುದ್ಧಿ ಹೇಳುವವರಿದ್ದಾರೆ. ಇದು ಕ್ರೂರ, ಜೊತೆಗೆ ತಪ್ಪು ಕೂಡ. ಲಾಜರನ ಸಮಾಧಿಯ ಹತ್ತಿರ ಯೇಸುವೇ ಕಣ್ಣೀರು ಬಿಟ್ಟರು, ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ. ಸತ್ತವರಿಗಾಗಿ ದುಃಖಿಸಬೇಡಿ ಅಂತ ಪೌಲ ಥೆಸಲೋನಿಕದವರಿಗೆ ಬರೆಯಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂದ. ಒಳ್ಳೆಯದನ್ನು ಕಳೆದುಕೊಂಡರೆ ಹೃದಯ ನೋಯಲೇಬೇಕು. ನೋಡಬೇಕಾದದ್ದು, ಆ ನೋವಿನಲ್ಲಿ ಮುಖ ಯಾವ ಕಡೆ ತಿರುಗಿದೆ ಅಂತ. ದೇವರ ಕಡೆಗೆ ತಿರುಗಿ ಜಗಳವಾಡಿದರೂ ಸರಿ, ಕೀರ್ತನೆಗಳ ತುಂಬ ಅದೇ ಇದೆ.

ಎರಡನೆಯದು, ಹಗಲೂ ರಾತ್ರಿ ಹೃದಯವನ್ನು ಅಗೆಯುತ್ತಾ ಕೂರುವುದು. ಲೂಥರ್ ಮಠದಲ್ಲಿದ್ದ ಕಾಲದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು, ಎದ್ದು ಹೋದ ಮೇಲೆ ಇನ್ನೊಂದು ನೆನಪಾಗುತ್ತಿತ್ತು. ಹೃದಯ ಎಲ್ಲಕ್ಕಿಂತ ವಂಚಕ ಅಂತ ಯೆರೆಮೀಯ ಹೇಳಿದ್ದು ನಿಜವಾದರೆ, ಅದರ ತನಿಖೆಯನ್ನು ಅದರ ಕೈಗೇ ಒಪ್ಪಿಸಿದರೆ ವರದಿ ಹೇಗೆ ಬರುತ್ತದೆ? ಪೌಲ ಒಂದು ಕಡೆ "ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ" ಅನ್ನುತ್ತಾನೆ. ಇನ್ನೊಂದು ಕಡೆ "ನನ್ನನ್ನು ನಾನೇ ವಿಚಾರಿಸಿಕೊಳ್ಳುವುದಿಲ್ಲ, ವಿಚಾರಿಸುವವನು ಕರ್ತನು" ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. 139ನೇ ಕೀರ್ತನೆಯ ಕೊನೆಯಲ್ಲಿ ದಾವೀದ ಕೆಲಸವನ್ನು ದೇವರಿಗೇ ಒಪ್ಪಿಸುತ್ತಾನೆ: ದೇವರೇ, ನೀನು ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ. ಸ್ಕಾಟ್ಲೆಂಡಿನ ಬೋಧಕ ರಾಬರ್ಟ್ ಮರೆ ಮ್ಯಾಕ್‌ಚೇನ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದರು: ನಿನ್ನ ಕಡೆ ಒಂದು ಸಲ ನೋಡಿದರೆ ಕ್ರಿಸ್ತನ ಕಡೆ ಹತ್ತು ಸಲ ನೋಡು.

ಹಾಗಂತ ಕ್ರಮವೇ ಬೇಡ ಅಂತಲ್ಲ. 16ನೇ ಶತಮಾನದ ಕ್ಯಾಥೊಲಿಕ್ ಗುರು ಇಗ್ನೇಷಿಯಸ್ ಲೊಯೋಲ ಕಲಿಸಿದ ದಿನದ ಆತ್ಮಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮೊದಲ ಹೆಜ್ಜೆ ಪಾಪದ ಹುಡುಕಾಟ ಅಂದುಕೊಂಡರೆ ತಪ್ಪು. ಮೊದಲು ದೇವರ ಉಪಕಾರಗಳಿಗಾಗಿ ಸ್ತೋತ್ರ. ಆಮೇಲೆ ಪಾಪ ತಿಳಿಯಲು ಕೃಪೆ ಕೇಳುವುದು. ಅದಾದ ಮೇಲೆ ದಿನದ ಲೆಕ್ಕ, ಕ್ಷಮೆ ಬೇಡುವುದು, ನಾಳೆಯ ತೀರ್ಮಾನ. ಕ್ಯಾಥೊಲಿಕರಲ್ಲದವರೂ ಇದನ್ನು ಧಾರಾಳವಾಗಿ ಬಳಸಬಹುದು ಅಂತ ನನ್ನ ಅಭಿಪ್ರಾಯ. ಸ್ತೋತ್ರದಿಂದ ಶುರುಮಾಡಿದವನಿಗೆ ತನ್ನ ಕೈಯಲ್ಲಿರುವುದೆಲ್ಲ ಬಂದದ್ದು ಎಲ್ಲಿಂದ ಅಂತ ಮೊದಲೇ ನೆನಪಾಗಿರುತ್ತದೆ.

ಗೊತ್ತಾದ ಮೇಲೆ?

ನಿತ್ಯಜೀವಕ್ಕೆ ಏನು ಮಾಡಬೇಕು ಅಂತ ಯೇಸುವನ್ನು ಕೇಳಿದ ಮಾರ್ಕ 10ರ ಶ್ರೀಮಂತನಿಗೆ ತನ್ನ ಗಂಟು ಯಾವುದು ಅಂತ ಗೊತ್ತಾಯಿತು. ಯೇಸು ಅವನಿಗೆ ನೆನಪಿಸಿದ ಆಜ್ಞೆಗಳೆಲ್ಲ ಮನುಷ್ಯರಿಗೆ ಸಂಬಂಧಪಟ್ಟವು: ಕೊಲೆ, ವ್ಯಭಿಚಾರ, ಕಳ್ಳತನ, ಸುಳ್ಳುಸಾಕ್ಷಿ, ತಂದೆತಾಯಿ. ಎಲ್ಲವನ್ನೂ ಚಿಕ್ಕಂದಿನಿಂದ ಪಾಲಿಸಿದ್ದೇನೆ ಅಂದ. "ನನ್ನ ಹೊರತು ನಿನಗೆ ಬೇರೆ ದೇವರುಗಳು ಇರಬಾರದು" ಅನ್ನುವ ಮೊದಲ ಆಜ್ಞೆಯನ್ನು ಯೇಸು ಹೇಳಲಿಲ್ಲ. ಅದರ ಬದಲು, ಹೋಗಿ ಇದ್ದದ್ದೆಲ್ಲ ಮಾರಿ ಬಡವರಿಗೆ ಕೊಡು ಅಂದರು. ಅಲ್ಲಿಗೆ ಮೊದಲ ಆಜ್ಞೆಯ ಪರೀಕ್ಷೆ ಮುಗಿಯಿತು. ಅವನ ಮುಖ ಬಾಡಿತು, ಹೊರಟುಹೋದ. ಹಾಗೆ ಹೇಳುವ ಮುಂಚೆ ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದರು ಅಂತ ಮಾರ್ಕ ಒಬ್ಬನೇ ಬರೆದಿದ್ದಾನೆ. ಗಂಟಿನ ಮೇಲೆ ಬೆರಳಿಟ್ಟದ್ದು ಪ್ರೀತಿಯಿಂದ.

ಇದೇ ಆಜ್ಞೆ ಎಲ್ಲರಿಗೂ ಅಂತಲ್ಲ. ತೆರಿಗೆ ವಸೂಲಿಗಾರ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಈ ಮನೆಗೆ ಇಂದು ರಕ್ಷಣೆ ಆಯಿತು ಅಂದರು ಯೇಸು. ಉಳಿದರ್ಧ ಎಲ್ಲಿ ಅಂತ ಕೇಳಲಿಲ್ಲ. ಯೇಸುವಿನ ಜೊತೆಗಿದ್ದ ಯೋಹಾನಳು, ಸುಸನ್ನಳು ತಮ್ಮ ಆಸ್ತಿ ಇಟ್ಟುಕೊಂಡೇ ಅದರಿಂದ ಯೇಸುವಿಗೂ ಶಿಷ್ಯರಿಗೂ ಉಪಚಾರ ಮಾಡಿದರು.

ಆ ಶ್ರೀಮಂತನಿಗೆ ತಿಳುವಳಿಕೆ ಬಂದಿತ್ತು, ಬಿಡುವ ಶಕ್ತಿ ಬರಲಿಲ್ಲ. ಸ್ಕಾಟ್ಲೆಂಡಿನ ಇನ್ನೊಬ್ಬ ಬೋಧಕ ಥಾಮಸ್ ಚಾಮರ್ಸ್ (1780–1847) ತಮ್ಮ ಒಂದು ಪ್ರಖ್ಯಾತ ಪ್ರಸಂಗದಲ್ಲಿ ವಾದಿಸಿದ್ದು ಇದನ್ನೇ. ಲೋಕದ ಆಸೆ ವ್ಯರ್ಥ ಅಂತ ಎಷ್ಟು ಬೋಧಿಸಿದರೂ ಹೃದಯ ಅದನ್ನು ಬಿಡುವುದಿಲ್ಲ, ಅದಕ್ಕೆ ಖಾಲಿ ಇರಲು ಬರುವುದಿಲ್ಲ. ಹಳೆಯ ಪ್ರೀತಿಯನ್ನು ಹೊರಗೆ ತಳ್ಳಬೇಕಾದರೆ ಹೊಸ ಪ್ರೀತಿ ಒಳಗೆ ಬರಬೇಕು. ಮತ್ತಾಯ 13ರ ಒಂದೇ ವಚನದ ಸಾಮ್ಯದಲ್ಲಿ ಹೊಲದಲ್ಲಿ ಹೂತಿಟ್ಟ ನಿಧಿ ಸಿಕ್ಕವನು ತನಗಾದ ಸಂತೋಷದಿಂದ ಹೋಗಿ ಇದ್ದದ್ದೆಲ್ಲ ಮಾರಿದ. ನಿಧಿ ಕಂಡದ್ದು ಮೊದಲು, ಮಾರಿದ್ದು ಆಮೇಲೆ. ಈ ಕ್ರಮವನ್ನು ತಿರುಗಿಸಿದರೆ ಉಳಿಯುವುದು ಬರೀ ಹಲ್ಲುಕಚ್ಚಿಕೊಂಡು ಮಾಡುವ ತ್ಯಾಗ. ಅಂಥ ತ್ಯಾಗದ ಬಗ್ಗೆ ಹೆಮ್ಮೆ ಬರಲು ತಡವಾಗುವುದಿಲ್ಲ, ಆಗ ಹೆಮ್ಮೆಯೇ ಹೊಸ ಗಂಟು.

73ನೇ ಕೀರ್ತನೆಯಲ್ಲಿ ಅದರ ಕವಿ ಆಸಾಫನಿಗೆ ಆದದ್ದೂ ಹಾಗೆ. ದುಷ್ಟರ ಸುಖ ನೋಡಿ ಹೊಟ್ಟೆಕಿಚ್ಚುಪಟ್ಟ, ಕಾಲು ಜಾರುವುದರಲ್ಲಿತ್ತು. ಯೋಚಿಸಿ ಯೋಚಿಸಿ ತಲೆ ಕೆಟ್ಟಿತೇ ಹೊರತು ಬಗೆಹರಿಯಲಿಲ್ಲ. ದೇವರ ಆಲಯಕ್ಕೆ ಹೋದ ಮೇಲೆ ನೋಟ ಬದಲಾಯಿತು. "ಪರಲೋಕದಲ್ಲಿ ನನಗೆ ನೀನಲ್ಲದೆ ಇನ್ನಾರಿದ್ದಾರೆ?" ಅನ್ನುವ ಮಾತು ಹೊಟ್ಟೆಕಿಚ್ಚುಪಟ್ಟ ಅದೇ ಬಾಯಿಂದ ಬಂದದ್ದು.

ಹಾಗಾದರೆ ಪ್ರೀತಿ ಬರುವ ತನಕ ಕೈಕಟ್ಟಿ ಕೂರಬೇಕಾ? ಬೇಡ. ಯೇಸು ಹೇಳಿದ ಮಾತಿನ ದಿಕ್ಕು ಗಮನಿಸಿ. ಮನಸ್ಸು ಇದ್ದಲ್ಲಿ ಗಂಟು ಹೋಗುತ್ತದೆ ಅನ್ನಲಿಲ್ಲ, ಗಂಟು ಇದ್ದಲ್ಲಿ ಮನಸ್ಸು ಬರುತ್ತದೆ ಅಂದರು. ಎಲ್ಲಿ ಸಮಯ, ಹಣ, ಶ್ರಮ ಹಾಕುತ್ತೇವೋ ಅಲ್ಲಿಯ ಚಿಂತೆ ನಮಗೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಒಬ್ಬ ಅನಾಥ ಮಗುವಿನ ಓದಿಗೆ ತಿಂಗಳು ತಿಂಗಳು ಹಣ ಕೊಡಲು ಶುರುಮಾಡಿದವನು ಆ ಮಗುವಿನ ಪರೀಕ್ಷೆ ಯಾವಾಗ ಅಂತ ಕೇಳಲು ಶುರುಮಾಡುತ್ತಾನೆ. ಮೊದಲು ಅಷ್ಟು ಪ್ರೀತಿ ಇತ್ತಾ? ಬಹುಶಃ ಇಲ್ಲ.

ಪೌಲ ಕೊರಿಂಥದವರ ಜೊತೆ ನಡೆದುಕೊಂಡದ್ದು ಹೀಗೆಯೇ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಸಹಾಯಧನ ಕೂಡಿಸಬೇಕಿತ್ತು. ಕೊರಿಂಥದವರು ಒಂದು ವರ್ಷ ಹಿಂದೆಯೇ ಉತ್ಸಾಹದಿಂದ ಒಪ್ಪಿಕೊಂಡಿದ್ದರು, ಕೆಲಸ ಮಾತ್ರ ಅರ್ಧಕ್ಕೇ ನಿಂತಿತ್ತು. ನಿಮ್ಮ ಹೃದಯ ಸರಿಯಾದ ಮೇಲೆ ಕೊಡಿ ಅಂತ ಅವನು ಬರೆಯಲಿಲ್ಲ. ಆತನು ಐಶ್ವರ್ಯವಂತನಾಗಿದ್ದರೂ ನಿಮಗೋಸ್ಕರ ಬಡವನಾದನು ಅಂತ ಕ್ರಿಸ್ತನನ್ನು ತೋರಿಸಿದ, ಆಮೇಲೆ ಶುರುಮಾಡಿದ್ದನ್ನು ಮುಗಿಸಿ ಅಂದ. ಎಷ್ಟು ಕೊಡಬೇಕು ಅಂತಲೂ ಗೊತ್ತುಮಾಡಲಿಲ್ಲ. ಇದ್ದದ್ದಕ್ಕೆ ತಕ್ಕ ಹಾಗೆ ಕೊಡಿ, ಇಲ್ಲದ್ದನ್ನು ದೇವರು ಕೇಳುವುದಿಲ್ಲ ಅಂತ ಬರೆದು, ಕೆಲಸ ಮುಗಿಸಿಕೊಂಡು ಬರಲು ತನ್ನ ಜೊತೆಗೆಲಸದ ತೀತನನ್ನು ಕಳಿಸಿದ.